ದೇವರಿಗಾಗಿ ದುಡಿ ಎನ್ನುವವರು ಯಾರು?

ಬಸವನ ಬಾಗೇವಾಡಿಯ ಸೀಮೆಯಲ್ಲಿ ನಿಂತು ದುಡಿಮೆಯೇ ಪೂಜೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕಾಯಕದ ಮಾತು ಇಲ್ಲಿ ಶಾಲೆಯ ಗೋಡೆಯ ಮೇಲಿದೆ, ಲಾರಿಯ ಹಿಂಬದಿಯಲ್ಲಿದೆ, ಸಹಕಾರಿ ಸಂಘದ ಕ್ಯಾಲೆಂಡರಿನಲ್ಲೂ ಇದೆ. ಇದೇ ನೆಲದಲ್ಲಿ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ, ಕ್ರೈಸ್ತರು ತೀರ ಕಡಿಮೆ. ಅವರ ಭಾನುವಾರದ ಆರಾಧನೆಯಲ್ಲೂ ಇದಕ್ಕೆ ಹತ್ತಿರದ ಬೋಧೆಯೊಂದು ಮತ್ತೆ ಮತ್ತೆ ಕೇಳಿಬರುತ್ತದೆ. ಯಾವ ಕೆಲಸವಾದರೂ ಸರಿ, ಧಣಿ ನೋಡುತ್ತಾನೆಂದು ಮಾಡದೆ ದೇವರಿಗೆಂದೇ ಮನಸಾರೆ ಮಾಡಬೇಕು ಎಂಬುದು ಅದರ ಸಾರ. ದುಡಿಮೆಗೆ ಒಂದು ಅರ್ಥವಿದೆ, ಅದು ಪಗಾರಕ್ಕಿಂತ ದೊಡ್ಡದು ಎಂಬುದು ಅದರ ಭರವಸೆ.

ಈ ಭರವಸೆ ದುಡಿಯುವವನ ಬೆನ್ನು ನೇರ ಮಾಡುತ್ತದೆಯೋ, ಅಥವಾ ಬಾಗಿದ ಬೆನ್ನಿಗೆ ಸಮಾಧಾನ ಹೇಳಿ ಇನ್ನಷ್ಟು ಬಾಗಿಸುತ್ತದೆಯೋ? ಎರಡು ಕಡೆಯೂ ಹೇಳಲು ಗಟ್ಟಿಯಾದ ಮಾತುಗಳಿವೆ. ಕ್ರೈಸ್ತರಲ್ಲದವರಿಗೂ ಈ ಪ್ರಶ್ನೆ ಹೊರಗಿನದಲ್ಲ. ಕಾಯಕವನ್ನು ನಂಬುವವರಿಗೂ ಇದೇ ಪ್ರಶ್ನೆ ಇದೇ ಹರಿತದಲ್ಲಿ ತಾಗುತ್ತದೆ.

ಮೊದಲು ಇಲ್ಲಿಯ ದುಡಿಮೆ ಎಂಥದೆಂದು ನೋಡಬೇಕು. ಡೋಣಿ ಹೊಳೆ ಚೆನ್ನಾಗಿ ಹರಿದ ವರ್ಷ ಓಣಿ ತುಂಬ ಜೋಳ ಎಂಬ ನಂಬಿಕೆಯ ಕರಿ ಎರೆ ನೆಲ ಇದು. ಮುಂಗಾರಿಗೆ ತೊಗರಿ, ಹತ್ತಿ; ಹಿಂಗಾರಿಗೆ ಬಿಳಿಜೋಳ, ಕಡಲೆ. ಇಂಡಿಯ ಕಡೆ ಲಿಂಬೆ. ಆಲಮಟ್ಟಿ ಮತ್ತು ನಾರಾಯಣಪುರದ ಕಾಲುವೆ ಮುಟ್ಟಿದಲ್ಲಿ ಕಬ್ಬು. ಮಳೆ ಕೈಕೊಟ್ಟ ವರ್ಷ, ಅಥವಾ ಸುಗ್ಗಿ ಮುಗಿದ ಮೇಲೆ, ಗಂಟು ಕಟ್ಟಿ ಗೋವಾ, ರತ್ನಾಗಿರಿ, ಪುಣೆ, ಬೆಂಗಳೂರು. ತಾಂಡಾಗಳಿಂದ ಗ್ಯಾಂಗುಗಳು ಕಬ್ಬು ಕಡಿಯಲು ಹೋಗುತ್ತವೆ. ಮುಕಾದಮ ಗಂಡ ಹೆಂಡತಿ ಇಬ್ಬರನ್ನೂ ಲೆಕ್ಕ ಹಿಡಿದು ಮುಂಗಡ ಕೊಟ್ಟಿರುತ್ತಾನೆ. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ರೈತ, ಗೌಂಡಿಯ ಕೈಯಾಳು, ಕಬ್ಬು ಕಡಿಯುವವ ಎಲ್ಲವೂ ಆಗುತ್ತಾನೆ. ಇಂಥವನ ಮುಂದೆ ನಿಂತು ನಿನ್ನ ವೃತ್ತಿಯ ಉದ್ದೇಶವೇನು ಎಂದು ಕೇಳಿದರೆ ಅವನು ನಕ್ಕಾನು. ನಿನ್ನ ದುಡಿಮೆಗೆ ಬೆಲೆ ಇದೆಯೇ ಎಂದು ಕೇಳಿದರೆ ಮಾತ್ರ ನಗಲಾರ.

ಕ್ರೈಸ್ತ ನೋಟದ ಪರವಾಗಿ ಹೇಳಬೇಕಾದ ಮೊದಲ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಬೈಬಲಿನ ಆದಿಕಾಂಡದಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡಲಿಕ್ಕೆ, ಕಾಯಲಿಕ್ಕೆ. ಪಾಪ, ಶಾಪ ಎಲ್ಲ ಬರುವುದು ಆ ಮೇಲೆ. ಅಂದರೆ ದುಡಿಮೆ ಶಿಕ್ಷೆಯಾಗಿ ಬಂದದ್ದಲ್ಲ. ಶಾಪ ಬಿದ್ದಾಗ ಕೆಟ್ಟದ್ದು ನೆಲದ ಜೊತೆಗಿನ ಸಂಬಂಧ: ಬಿತ್ತಿದ್ದು ಒಂದು, ಎದ್ದದ್ದು ಮುಳ್ಳು, ಹೊಟ್ಟೆಗೆ ರೊಟ್ಟಿ ಬೇಕಾದರೆ ಬೆವರು ಸುರಿಸಬೇಕು. ದುಡಿಮೆಯಲ್ಲಿ ಸುಖವೂ ಇದೆ, ಸಂಕಟವೂ ಇದೆ, ಎರಡೂ ನಿಜ ಎಂದು ಒಪ್ಪುವ ಈ ಕಥೆಯನ್ನು ಸಿಂದಗಿಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತೆನೆ ಹಾಲುಗಟ್ಟಿದ ಹೊಲದ ಬದುವಿನ ಮೇಲೆ ನಿಂತವನೂ ಅವನೇ, ಕರಕಿ ಕಿತ್ತು ಕಿತ್ತು ಸೋತವನೂ ಅವನೇ.

ಎರಡನೆಯ ಮಾತು ಇನ್ನೂ ಗಟ್ಟಿ. ಯೇಸುವನ್ನು ಊರಿನವರು ಗುರುತಿಸಿದ್ದು ಬಡಗಿ ಎಂದು. ಮಾರ್ಕನ ಸುವಾರ್ತೆಯಲ್ಲಿ ಆ ಮಾತು ತಿರಸ್ಕಾರದ ದನಿಯಲ್ಲೇ ಬರುತ್ತದೆ. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಕೂತು ಗುಡಾರ ಹೊಲಿದು ಹೊಟ್ಟೆ ಹೊರೆದ. ಬೋಧಕನೆಂಬ ಕಾರಣಕ್ಕೆ ಸಭೆಯ ಮೇಲೆ ಭಾರ ಹಾಕಲು ಅವನಿಗೆ ಮನಸ್ಸಿರಲಿಲ್ಲ. ಕೈಕೆಲಸ ಮಾಡುವವರನ್ನು ಕೀಳೆಂದು ಕಾಣುತ್ತಿದ್ದ ಗ್ರೀಕ್, ರೋಮನ್ ಮೇಲ್ವರ್ಗದ ನಡುವೆ ಇದು ಸಣ್ಣ ಸಂಗತಿಯಲ್ಲ. ಕೈಗೆ ಕೆಸರು, ತೊಗಲು, ಸುಣ್ಣ ತಾಗಿದವನನ್ನು ಮನೆಯ ಹೊರಗೇ ನಿಲ್ಲಿಸಿದ ನಮ್ಮ ಹಳ್ಳಿಗಳಲ್ಲಂತೂ ಅಲ್ಲವೇ ಅಲ್ಲ.

ಮುಂದೆ ಕ್ರೈಸ್ತಲೋಕವೇ ಈ ಪಾಠವನ್ನು ಮರೆಯಿತು. ಮಠದ ಸನ್ಯಾಸಿಯ ಬದುಕು ಮೇಲು, ಸಂಸಾರಿಯ ದುಡಿಮೆ ಕೀಳು ಎಂಬ ಶ್ರೇಣಿ ಬೆಳೆಯಿತು. 1520ರಲ್ಲಿ ಮಾರ್ಟಿನ್ ಲೂಥರ್ ಅದನ್ನು ಒಡೆದ. ಪಾದ್ರಿಯ ಪೂಜೆ, ಹೊಲದಲ್ಲಿ ದುಡಿಯುವವನ ಬೆವರು, ಮನೆ ನೋಡಿಕೊಳ್ಳುವವಳ ಕೆಲಸ, ನಂಬಿಕೆಯಿಂದ ಮಾಡಿದರೆ ದೇವರ ಮುಂದೆ ಎಲ್ಲವೂ ಒಂದೇ ಎಂಬುದು ಅವನ ವಾದ. ದೇವರ ಕರೆ ಬರುವುದು ಗುರುಪಟ್ಟಕ್ಕೆ ಮಾತ್ರವಲ್ಲ, ಚಮ್ಮಾರನಿಗೂ ಬರುತ್ತದೆ ಎಂದಾಯಿತು.

ಈ ವಿಚಾರವನ್ನು ಕನ್ನಡ ನಾಡಿಗೆ ತಂದವರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರೂ ಇದ್ದರು. ಅವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆ ಹೂಡಿದರು. ಕಲಾದಗಿಯಿಂದ ಜಿಲ್ಲಾ ಕೇಂದ್ರ ವಿಜಾಪುರಕ್ಕೆ (ಇಂದಿನ ವಿಜಯಪುರ) ಬಂದ 1885ರಲ್ಲೇ ಮಿಷನ್ ಕೂಡ ವಿಜಾಪುರಕ್ಕೆ ಕಾಲಿಟ್ಟಿತು. ಕರಾವಳಿಯಲ್ಲಿ ಅವರಿಗೆ ಎದುರಾದ ತೊಡಕು ಬರಿಯ ಉಪದೇಶದಿಂದ ಬಗೆಹರಿಯುವಂಥದಾಗಿರಲಿಲ್ಲ. ಕ್ರೈಸ್ತನಾದವನು ಜಾತಿ ಕಳೆದುಕೊಂಡ, ಜಾತಿಯ ಜೊತೆ ಮನೆ, ಗೇಣಿ ಭೂಮಿ, ಕಸುಬು ಎಲ್ಲ ಹೋಯಿತು. ಶೇಂದಿ ಇಳಿಸುತ್ತಿದ್ದವರಿಗೆ ಆ ಕೆಲಸ ಬಿಡಿ ಎಂದು ಮಿಷನ್ನೇ ಹೇಳಿತು. ಬಿಡಿ ಎಂದವರು ಬೇರೆ ಕೆಲಸ ಕೊಡಬೇಕಲ್ಲ? ಮುದ್ರಣ, ನೇಯ್ಗೆ ಶುರುವಾದವು. 1865ರಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಹುಟ್ಟಿನಿಂದ ಬಂದ ಕಸುಬಿಗೆ ಕಟ್ಟುಬಿದ್ದವನಿಗೆ ಕಲಿತು ಮಾಡುವ ಕಸುಬು ಸಿಕ್ಕಿತು. ದುಡಿಮೆಗೆ ದೇವರ ಮುಂದೆ ಬೆಲೆ ಇದೆ ಎಂಬ ಬೋಧೆ ಕಾರ್ಖಾನೆಯ ರೂಪ ತಾಳಿದ್ದು ಹೀಗೆ. ಪರ ವಾದಿಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ದಿನದ ಕೆಲಸದ ಮಟ್ಟದಲ್ಲೂ ಅವರ ವಾದಕ್ಕೆ ಬಲವಿದೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಇಂಡಿಯ ಲಿಂಬೆಯನ್ನೇ ತೆಗೆದುಕೊಳ್ಳಿ. ಬರ ಬಿದ್ದ ವರ್ಷಗಳಲ್ಲಿ ಬೋರು ಬತ್ತಿ, ಟ್ಯಾಂಕರಿನಲ್ಲಿ ನೀರು ತರಿಸಿ ಗಿಡ ಉಳಿಸಿಕೊಂಡ ರೈತರಿದ್ದಾರೆ. ಹಣ್ಣು ಆರಿಸುವ ಹೆಂಗಸರು ಬೆಳಗಾಗುತ್ತಲೇ ಗಿಡದ ಬುಡಕ್ಕೆ ಬಗ್ಗುತ್ತಾರೆ. ಕೊಂಬೆಗೆ ಮುಳ್ಳು, ಮೊಳಕೈ ತನಕ ಗೀರು. ಗೀರಿದ ಚರ್ಮಕ್ಕೆ ಲಿಂಬೆಯ ರಸ ತಾಗಿದರೆ ಹೇಗಿರುತ್ತದೆ ಎಂಬುದನ್ನು ಬರೆದು ತಿಳಿಸಲಾಗದು. ಆಮೇಲೆ ವಿಂಗಡಣೆ. ದಪ್ಪ ಹಣ್ಣು ಒಂದು ಕಡೆ, ಸಣ್ಣದು ಒಂದು ಕಡೆ, ಮೆತ್ತಗಾದದ್ದು ಹೊರಗೆ. ಚೀಲದ ತಳಕ್ಕೆ ಮೆತ್ತಗಿನ ನಾಲ್ಕು ಹಣ್ಣು ಸರಿಸಿದರೆ ಯಾರೂ ನೋಡುವುದಿಲ್ಲ, ಆದರೆ ಪೇಟೆ ಮುಟ್ಟುವಷ್ಟರಲ್ಲಿ ಇಡೀ ಚೀಲ ಕೆಡುತ್ತದೆ. ಯಾರೂ ನೋಡದಾಗ ಕೈ ಸರಿಯಾಗಿ ನಡೆಯುವಂತೆ ಮಾಡುವುದು ಯಾವುದು? ಕೂಲಿ ಅಷ್ಟನ್ನು ಮಾಡಲಾರದು, ಮೇಸ್ತ್ರಿಯ ಕಣ್ಣೂ ಮಾಡಲಾರದು. ನಾನು ಯಾರ ಮುಂದೆ ಕೆಲಸ ಮಾಡುತ್ತಿದ್ದೇನೆ ಎಂಬ ಒಳಗಿನ ಎಚ್ಚರ ಮಾಡಬಲ್ಲದು. ಅದಕ್ಕಿಂತ ಮುಖ್ಯವಾಗಿ, ಆ ಎಚ್ಚರ ಇದ್ದವಳನ್ನು ಧಣಿಯ ಹೊಗಳಿಕೆ ಉಬ್ಬಿಸುವುದಿಲ್ಲ, ಧಣಿಯ ಬೈಗುಳ ಕುಗ್ಗಿಸುವುದಿಲ್ಲ. ಅವಳ ಬೆಲೆಯನ್ನು ಕಟ್ಟುವವರು ಬೇರೆ ಇದ್ದಾರೆ. ದುಡಿಯುವವರಿಗೆ ಇದು ಒಂದು ಬಗೆಯ ಸ್ವಾತಂತ್ರ್ಯ.

ಶರಣರ ಕಾಯಕ ಇಲ್ಲಿಗೆ ತೀರ ಹತ್ತಿರ ಬರುತ್ತದೆ. ನುಲಿಯ ಚಂದಯ್ಯನ ಕಥೆ ಈ ಸೀಮೆಯವರಿಗೆ ಗೊತ್ತು. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ಬಿದ್ದರೂ ಆತ ಕಾಯಕ ನಿಲ್ಲಿಸಲಿಲ್ಲ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ಸೀಮೆಯ ಅಮರೇಶ್ವರ. ಆಯ್ದಕ್ಕಿ ಮಾರಯ್ಯ ಅಲ್ಲಿಯವನೆಂದು ಪ್ರತೀತಿ. ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ ತಿರುಗಿ ಕಳಿಸಿದಳು. ಆ ಕಥೆಯಲ್ಲಿ ಎರಡು ಸಂಗತಿಗಳಿವೆ. ದುಡಿಮೆ ಶುದ್ಧವಾಗಿರಬೇಕು ಎಂಬುದು ಒಂದು. ಗಳಿಕೆ ಅಳತೆ ಮೀರಬಾರದು, ಮಿಕ್ಕದ್ದು ದಾಸೋಹಕ್ಕೆ ಸಲ್ಲಬೇಕು ಎಂಬುದು ಇನ್ನೊಂದು. ಬಸವಣ್ಣ ಹುಟ್ಟಿದ ಊರಿನವರು ಕ್ರೈಸ್ತ ಬೋಧೆಯನ್ನು ಕೇಳಿ ಇದರಲ್ಲಿ ಹೊಸದೇನಿದೆ ಎಂದರೆ ಅದು ಜಂಬದ ಮಾತಲ್ಲ. ಲೂಥರನಿಗಿಂತ ಸುಮಾರು ನಾಲ್ಕು ನೂರು ವರ್ಷ ಮೊದಲೇ ಹರಳಯ್ಯನ, ಮಾಚಯ್ಯನ, ಮೋಳಿಗೆ ಮಾರಯ್ಯನ ಕಸುಬು ಕಲ್ಯಾಣದಲ್ಲಿ ತಲೆಯೆತ್ತಿ ನಿಂತಿತ್ತು.

ಈಗ ಎದುರು ಪಕ್ಷದ ಮಾತು. ಅದೂ ಬೈಬಲಿನ ಒಳಗಿನಿಂದಲೇ ಏಳುತ್ತದೆ.

ಏನು ಮಾಡಿದರೂ ದೇವರಿಗೆಂದು ಮನಸಾರೆ ಮಾಡಿ ಎಂಬ ಆ ಬೋಧೆ ಇರುವುದು ಪೌಲನ ಹೆಸರಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ. ಇಂದು ಅದನ್ನು ಕಚೇರಿಯ ಮೇಜಿನ ಮೇಲೆ ಚೌಕಟ್ಟು ಹಾಕಿ ಇಡುತ್ತಾರೆ. ಅದರ ಹಿಂದಿನ ವಾಕ್ಯವನ್ನು ಯಾರೂ ಚೌಕಟ್ಟಿಗೆ ಹಾಕುವುದಿಲ್ಲ. ಹಿಂದಿನ ವಾಕ್ಯ ಯಾರನ್ನು ಕುರಿತದ್ದು ಎಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದು ದಾಸರಿಗೆ ಹೇಳಿದ್ದು: ಲೋಕದ ಯಜಮಾನರಿಗೆ ಎಲ್ಲದರಲ್ಲೂ ವಿಧೇಯರಾಗಿರಿ ಎಂದು. ಕೊಂಡು ಮಾರಲ್ಪಟ್ಟ ಮನುಷ್ಯರಿಗೆ, ಸಂಬಳವೂ ಇಲ್ಲದ, ಬಿಟ್ಟು ಹೋಗುವ ಹಕ್ಕೂ ಇಲ್ಲದ ಜನರಿಗೆ, ನಿಮ್ಮ ಕೆಲಸವನ್ನು ದೇವರಿಗೆಂದು ಮಾಡಿ ಎಂದರೆ ಅದು ಅವರ ಮನಸ್ಸನ್ನು ಎತ್ತಿದಂತೆಯೋ, ಯಜಮಾನನ ಕೆಲಸವನ್ನು ಸುಲಭ ಮಾಡಿದಂತೆಯೋ? ಅಮೆರಿಕದ ಹತ್ತಿ ಹೊಲಗಳ ಧಣಿಗಳು ಗುಲಾಮರಿಗೆ ಓದಿಸಿದ್ದು ಇಂಥ ವಾಕ್ಯಗಳನ್ನೇ. ಲೂಥರ್ ಕೂಡ 1525ರಲ್ಲಿ ಜರ್ಮನಿಯ ರೈತರು ಬಂಡೆದ್ದಾಗ ರೈತರ ಕಡೆ ನಿಲ್ಲಲಿಲ್ಲ, ಪ್ರಭುಗಳ ಕಡೆ ನಿಂತ. ಪ್ರತಿಯೊಬ್ಬನಿಗೂ ಅವನವನ ಸ್ಥಾನದಲ್ಲೇ ದೇವರ ಕರೆ ಇದೆ ಎಂಬ ಮಾತಿಗೆ, ಹಾಗಾದರೆ ಸ್ಥಾನ ಬಿಟ್ಟು ಏಳಬೇಡ ಎಂಬ ಬಾಲವೂ ಅಂಟಿಕೊಂಡಿತ್ತು.

ನಮ್ಮಲ್ಲಿ ಈ ಬಾಲ ಇನ್ನೂ ಉದ್ದ. ಜಾತಿ ಎಂಬುದು ಕೆಲಸದ ಹಂಚಿಕೆ ಮಾತ್ರವಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಕೂರಿಸಿದ ವ್ಯವಸ್ಥೆ ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ತನ್ನ ಇಷ್ಟದಿಂದಾಗಲಿ ಯೋಗ್ಯತೆಯಿಂದಾಗಲಿ ಆಯ್ದುಕೊಳ್ಳದ ಕೆಲಸವನ್ನು ಪವಿತ್ರ ಎಂದು ಕರೆದರೆ ಆಗುವುದು ಸಂಕೋಲೆಗೆ ಹೂವು ಮುಡಿಸಿದಷ್ಟೇ. ವಿಜಯಪುರ ಜಿಲ್ಲೆಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯ ಬಂದಿಲ್ಲ. ದೇವಿಯ ಸೇವೆ ಎಂಬ ಹೆಸರಿನಲ್ಲೇ ಇಲ್ಲಿಯ ದಲಿತ ಕುಟುಂಬಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಲಾಯಿತು. ಅದನ್ನು ನಿಲ್ಲಿಸಲು 1982ರಲ್ಲಿ ಕರ್ನಾಟಕ ಕಾನೂನು ತರಬೇಕಾಯಿತು. ಮಲ ಹೊರುವ ಕೆಲಸವನ್ನು ತಾಯಿಯ ಸೇವೆಗೆ ಹೋಲಿಸಿ ಹೊಗಳಿದವರು ದೇಶದಲ್ಲಿ ಬೇಕಾದಷ್ಟಿದ್ದರು; ಆದರೂ ಅದನ್ನು ನಿಲ್ಲಿಸಲು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯ್ದೆ ಬೇಕಾದವು. ಹೊಗಳಿಕೆಯಿಂದ ಒಂದು ಬುಟ್ಟಿಯೂ ಕೆಳಗಿಳಿಯಲಿಲ್ಲ. ಎಲ್ಲ ಕೆಲಸವೂ ದೇವರದು ಎಂದು ಒಂದೇ ಉಸಿರಿಗೆ ಹೇಳುವವರು ಈ ಎರಡು ಉದಾಹರಣೆಗಳನ್ನು ದಾಟಿಕೊಂಡೇ ಮುಂದೆ ಹೋಗಬೇಕು.

ಬಾಸೆಲ್ ಮಿಷನ್ನಿನ ಕಾರ್ಖಾನೆಯ ಮೇಲೂ ಇದೇ ಬೆಳಕು ಬಿಟ್ಟು ನೋಡಬಹುದು. ಬೋಧನೆ ಮಾಡುವವರು, ಮನೆ ಕೊಡುವವರು, ಕೂಲಿ ಕೊಡುವವರು ಎಲ್ಲ ಒಂದೇ ಸಂಸ್ಥೆ. ಅಂಥ ಕಡೆ ಭಾನುವಾರದ ಬೋಧೆಗೂ ಸೋಮವಾರದ ಹಾಜರಿಗೂ ನಡುವೆ ಗೋಡೆ ಇರುವುದಿಲ್ಲ. ಸಭೆಯ ಶಿಸ್ತಿಗೆ ಎದುರು ನಿಲ್ಲುವವನಿಗೆ ಅನ್ನದ ಭಯವೂ ಜೊತೆಗೇ ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಈ ಉದ್ದಿಮೆಗಳನ್ನು ವಶಪಡಿಸಿಕೊಂಡಿತು, ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ದುಡಿಯುವವರಿಗೆ ಕರೆ ಕೊಟ್ಟವರು ಹೋದರು, ಧಣಿ ಬದಲಾದ, ಮಗ್ಗ ಮಾತ್ರ ಅದೇ.

ಇದು ಹಳೆಯ ಮಾತೆಂದು ಬಿಡುವಂತಿಲ್ಲ. ಇಂದಿಗೂ ತಾಲೂಕು ಊರುಗಳ ಖಾಸಗಿ ಶಾಲೆಗಳಲ್ಲಿ, ಅವು ಯಾವ ಧರ್ಮದವರ ಆಡಳಿತದಲ್ಲಿರಲಿ, ಬಿ.ಎಡ್. ಮುಗಿಸಿದ ಹೆಣ್ಣುಮಗಳು ಸಂಬಳ ಹೆಚ್ಚಿಸಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ಇದು ನೌಕರಿ ಅಲ್ಲವ್ವ, ಸೇವೆ. ಸರ್ಕಾರವೂ ಹಿಂದೆ ಬಿದ್ದಿಲ್ಲ. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಗೌರವಧನ, ಕಾಯಂ ನೌಕರರ ಸ್ಥಾನಮಾನವಿಲ್ಲ. ವರ್ಷಗಳಿಂದ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂರುತ್ತಲೇ ಇದ್ದಾರೆ. ಮನಸ್ಸಿಟ್ಟು ಮಾಡುವ ಕೆಲಸ ಎಂದು ಗೊತ್ತಾದ ಕಡೆಯೇ ಕೂಲಿ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬ ಲೆಕ್ಕ ಹುಟ್ಟುತ್ತದೆ. ಉದ್ದೇಶವುಳ್ಳ ದುಡಿಮೆ ಎಂಬುದು ಅಗ್ಗದ ದುಡಿಮೆಗೆ ಇನ್ನೊಂದು ಹೆಸರಾಗುವುದು ಹೀಗೆ.

ಎದುರು ಪಕ್ಷದ ಇನ್ನೊಂದು ವಾದ ಮೃದುವಾದದ್ದು, ಆದರೆ ಆಳವಾದದ್ದು. ಕೆಲಸದಲ್ಲೇ ಬದುಕಿನ ಅರ್ಥ ಹುಡುಕಬೇಕೆಂಬ ಹಟವೇ ಕೆಲಸ ಆಯ್ದುಕೊಳ್ಳಬಲ್ಲವರ ಹಟ. ಗೋವಾದಲ್ಲಿ ಮೂರನೆಯ ಮಹಡಿಗೆ ಇಟ್ಟಿಗೆ ಹೊರುವ ಮುದ್ದೇಬಿಹಾಳದ ತಾಯಿಗೆ ಇಟ್ಟಿಗೆಯಲ್ಲಿ ಅರ್ಥ ಕಾಣಬೇಕಾಗಿಲ್ಲ. ಅವಳ ಅರ್ಥ ಊರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು. ಅದು ಸಾಲದೆ? ಬೈಬಲ್ ಕೂಡ ಅವಳ ಪರವಾಗಿದೆ ಎನ್ನಬಹುದು. ಅಡುಗೆಮನೆಯಲ್ಲಿ ಗಡಿಬಿಡಿಯಲ್ಲಿದ್ದ ಮಾರ್ಥಳಿಗಿಂತ ಸುಮ್ಮನೆ ಕೂತು ಕೇಳಿದ ಮರಿಯಳು ಒಳ್ಳೆಯ ಭಾಗ ಆರಿಸಿಕೊಂಡಳು ಎಂದು ಯೇಸು ಹೇಳಿದ್ದು ಲೂಕನಲ್ಲಿದೆ. ಪ್ರಸಂಗಿ ಎಂಬ ಪುಸ್ತಕವಂತೂ ಸೂರ್ಯನ ಕೆಳಗಿನ ಎಲ್ಲ ದುಡಿಮೆಯನ್ನೂ ಗಾಳಿ ಹಿಡಿಯುವ ಪ್ರಯತ್ನಕ್ಕೆ ಸಮ ಮಾಡಿ, ಉಂಡು ಕುಡಿದು ಸಿಕ್ಕಷ್ಟರಲ್ಲಿ ಸುಖಪಡುವುದೇ ದೇವರ ಕೊಡುಗೆ ಎನ್ನುತ್ತದೆ. ಕೆಲಸವನ್ನು ಕೆಲಸದಷ್ಟಕ್ಕೇ ಇಡುವುದು ನಾಸ್ತಿಕತನವಲ್ಲ.

ಇಷ್ಟನ್ನು ಕೇಳಿದ ಮೇಲೆ ನಂಬುವವರು ಏನು ಹೇಳುತ್ತಾರೆ? ವಾಕ್ಯ ಓದುವುದಾದರೆ ಪೂರ್ತಿ ಓದಿ ಎನ್ನುತ್ತಾರೆ. ಕೊಲೊಸ್ಸೆಯ ಪತ್ರದಲ್ಲಿ ದಾಸರ ಮಾತು ಮುಗಿಯುತ್ತಲೇ ಯಜಮಾನರ ಸರದಿ ಬರುತ್ತದೆ: ನಿಮ್ಮ ಆಳುಗಳಿಗೆ ನ್ಯಾಯವಾದದ್ದನ್ನು, ಸರಿಸಮವಾದದ್ದನ್ನು ಕೊಡಿ, ನಿಮಗೂ ಮೇಲೊಬ್ಬ ಯಜಮಾನನಿದ್ದಾನೆ ಎಂಬ ಎಚ್ಚರಿಕೆ. ಯಾಕೋಬನ ಪತ್ರದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಬಾಯಿ ತೆರೆದು ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ‘ರೇರುಂ ನೋವಾರುಂ’ ಪತ್ರದಲ್ಲಿ ಕೂಲಿಯು ಕೆಲಸಗಾರನ ಬದುಕಿಗೆ ಸಾಲಬೇಕು, ಅವನು ಒಪ್ಪಿಕೊಂಡ ಎಂಬ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದು, ಸಂಘ ಕಟ್ಟುವುದು ಅವನ ಹಕ್ಕು ಎಂದರು. 1981ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು, ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬ ನೆಲೆಯಿಂದ ಬರೆದರು. ಇವು ಪೀಠದಿಂದ ಬಂದ ಮಾತುಗಳು; ಎಲ್ಲ ಚರ್ಚುಗಳ ಆಡಳಿತಗಳೂ ತಮ್ಮ ಶಾಲೆ, ಆಸ್ಪತ್ರೆಗಳಲ್ಲಿ ಅದರಂತೆ ನಡೆದಿವೆ ಎಂದಲ್ಲ. ಆದರೆ ಅಳತೆಗೋಲು ಇದೆ, ಕೇಳುವವರ ಕೈಗೆ ಸಿಗುವಂತೆ ಇದೆ.

ಈ ಅಳತೆಗೋಲನ್ನು ಸಿಂದಗಿಯಂಥ ಊರಿನ ಸರ್ಕಲ್ಲಿಗೆ ತಂದು ನೋಡಬಹುದು. ಬೆಳಗಿನ ಹೊತ್ತು ಬುತ್ತಿಗಂಟು ಹಿಡಿದು ಕೂಲಿಗೆ ಕರೆಯುವವರನ್ನು ಕಾಯುತ್ತ ನಿಲ್ಲುವವರು ಇಂಥ ಎಲ್ಲ ಊರುಗಳಲ್ಲೂ ಇದ್ದಾರೆ. ಗಟ್ಟಿಮುಟ್ಟಾದವರು ಮೊದಲು ಟಂಟಂ ಹತ್ತುತ್ತಾರೆ. ಬಿಸಿಲೇರಿದ ಮೇಲೂ ಉಳಿಯುವವರು ವಯಸ್ಸಾದವರು, ಸೊರಗಿದವರು, ಕೈಗೂಸಿನ ತಾಯಂದಿರು. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿ ತೋಟದ ಯಜಮಾನನೊಬ್ಬ ಇಂಥದೇ ಪೇಟೆಗೆ ಬೆಳಗಿನಿಂದ ಸಂಜೆಯ ತನಕ ಐದು ಸಲ ಬರುತ್ತಾನೆ. ಸಂಜೆ ನಿಂತಿದ್ದವರನ್ನು ಏಕೆ ಖಾಲಿ ನಿಂತಿರಿ ಎಂದು ಕೇಳಿದರೆ ಅವರು ಕೊಡುವ ಉತ್ತರ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು. ಒಂದು ತಾಸು ದುಡಿದವರಿಗೂ ಆತ ಇಡೀ ದಿನದ ಕೂಲಿ ಕೊಡುತ್ತಾನೆ, ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ಗೊಣಗಾಟವೂ ಸುಳ್ಳಲ್ಲ. ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ಯಾರನ್ನಾದರೂ ಕೇಳಿ, ಇದು ಅನ್ಯಾಯವೆಂದೇ ಹೇಳುತ್ತಾರೆ. ಈ ದೃಷ್ಟಾಂತವನ್ನು ಸಾಮಾನ್ಯವಾಗಿ ಸ್ವರ್ಗದ ಕೃಪೆಯ ಕಥೆಯಾಗಿ ಓದುತ್ತಾರೆ, ಅದು ಸರಿಯೇ. ಆದರೆ ಕೂಲಿಯವರ ಕಣ್ಣಿನಿಂದ ಓದಿದರೆ ಅದರಲ್ಲಿ ಇನ್ನೊಂದು ಕಾಣುತ್ತದೆ: ಸಂಜೆಗೆ ಮನೆಯಲ್ಲಿ ಒಲೆ ಹೊತ್ತಬೇಕಾದದ್ದು ಎಲ್ಲರಿಗೂ ಒಂದೇ ಸಮ, ಕೆಲಸ ಸಿಗದೆ ನಿಂತವನ ಮನುಷ್ಯತ್ವ ಕಡಿಮೆಯಾಗಿರುವುದಿಲ್ಲ. ಕೆಲಸದಲ್ಲಿ ಮಾತ್ರ ಬೆಲೆ ಇದೆ ಎನ್ನುವ ಬೋಧೆ ಕೆಲಸವಿಲ್ಲದವನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಈ ಕಥೆ ಉತ್ತರ ಕೊಡುತ್ತದೆ.

ಕ್ರೈಸ್ತ ನೋಟ ಈ ಸೀಮೆಗೆ ನಿಜವಾಗಿ ಸೇರಿಸಬಹುದಾದದ್ದು ಬಹುಶಃ ವಿಶ್ರಾಂತಿಯ ವಿಚಾರ. ಯೆಹೂದ್ಯರಿಂದ ಅದು ಪಡೆದುಕೊಂಡ ಸಬ್ಬತ್ತಿನ ಆಜ್ಞೆ ಧರ್ಮೋಪದೇಶಕಾಂಡದಲ್ಲಿ ಬರುವ ರೀತಿ ನೋಡಿ. ಏಳನೆಯ ದಿನ ನೀನು, ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರೊಳಗಿನ ಪರಸ್ಥಳದವನು, ಯಾರೂ ದುಡಿಯಬಾರದು. ನಿನ್ನಂತೆಯೇ ಅವರಿಗೂ ದಣಿವಾರಬೇಕು. ನೀನೂ ಒಮ್ಮೆ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದು ನೆನಪಿರಲಿ ಎಂಬುದು ಅದರ ಆಶಯ. ಇದಕ್ಕೆ ಸರಿದೊರೆಯಾದ ಪದ್ಧತಿ ನಮ್ಮಲ್ಲೂ ಇದೆ. ಉತ್ತರ ಕರ್ನಾಟಕದ ರೈತ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಟ್ರ್ಯಾಕ್ಟರ್ ಬಂದ ಮೇಲೂ ಎತ್ತು ಇದ್ದ ಮನೆಗಳಲ್ಲಿ ಈ ರಿವಾಜು ಉಳಿದಿದೆ. ಎತ್ತಿಗೆ ವಾರಕ್ಕೊಂದು ದಿನ ಕೊಟ್ಟ ಸಮಾಜ ಅದೇ ಹೊಲದಲ್ಲಿ ಕಸ ತೆಗೆಯುವ ಹೆಣ್ಣಾಳಿಗೆ ಆ ದಿನ ಕೊಟ್ಟಿಲ್ಲ. ಅವಳು ಮನೆಯಲ್ಲುಳಿದರೆ ಅದು ರಜೆ ಅಲ್ಲ, ಕೂಲಿ ಕಳೆದ ದಿನ. ಭಾನುವಾರ ಚರ್ಚಿಗೆ ಹೋಗುವ ಕೂಲಿಯವರೂ ಈ ನಷ್ಟ ಲೆಕ್ಕ ಹಾಕಿಯೇ ಹೋಗುತ್ತಾರೆ. ದುಡಿಮೆ ಪವಿತ್ರ ಎನ್ನುವ ಧರ್ಮಗಳು ಬಹಳ. ದುಡಿಮೆಯನ್ನು ನಿಲ್ಲಿಸುವುದೂ ಪವಿತ್ರ, ಅದು ಆಳಿನ ಹಕ್ಕು ಎಂದ ಆಜ್ಞೆ ಅಪರೂಪ.

ಹಾಗೆಂದು ಕೂಲಿ, ರಜೆ, ಹಕ್ಕು ಇಷ್ಟು ಸಿಕ್ಕರೆ ಸಾಕು, ಅರ್ಥದ ಮಾತು ಬೇಡ ಎನ್ನಲೂ ಬರುವುದಿಲ್ಲ. ಈ ತಾಲೂಕುಗಳ ಪದವೀಧರ ಹುಡುಗರನ್ನು ನೋಡಿ. ವಿಜಯಪುರದಲ್ಲೋ ಧಾರವಾಡದಲ್ಲೋ ರೂಮು ಹಿಡಿದು, ಪೊಲೀಸ್, ಪಿಡಿಒ, ಶಿಕ್ಷಕ, ಎಫ್‌ಡಿಎ, ಯಾವ ಅರ್ಜಿ ಕರೆದರೂ ಹಾಕುತ್ತಾರೆ. ಭದ್ರತೆ ಬೇಕು, ಆ ಆಸೆಯಲ್ಲಿ ತಪ್ಪಿಲ್ಲ. ಮಳೆಯನ್ನು ನಂಬಿ ಮುಳುಗಿದ ತಂದೆಯನ್ನು ಅವರು ನೋಡಿದ್ದಾರೆ. ಆದರೆ ಸಿಕ್ಕ ನೌಕರಿ ಏನೆಂಬುದೇ ಮುಖ್ಯವಲ್ಲ ಎಂದಾದಾಗ ಅದರ ಬಿಸಿ ತಟ್ಟುವುದು ಯಾರಿಗೆ? ತರಗತಿಗೆ ಬಂದೂ ಪಾಠ ಮಾಡದ ಮೇಷ್ಟ್ರ ಎದುರು ಕೂತ ಮಕ್ಕಳಿಗೆ, ಪಂಚಾಯಿತಿ ಕಚೇರಿಗೆ ನಾಲ್ಕು ಸಲ ಅಲೆಯುವ ಮುದುಕಿಗೆ. ಕೆಲಸ ಎಂದರೆ ಪಗಾರ ಮಾತ್ರ ಎಂಬ ತತ್ವದ ಬೆಲೆ ತೆರುವವರೂ ಬಡವರೇ. ರಾತ್ರಿ ಪಾಳಿಯಲ್ಲಿ ತಾಲೂಕು ಆಸ್ಪತ್ರೆಯ ನರ್ಸು ಇನ್ನೊಮ್ಮೆ ಎದ್ದು ಹೋಗಿ ಬಾಣಂತಿಯ ನಾಡಿ ನೋಡುವುದನ್ನು ಯಾವ ವೇತನ ಆಯೋಗವೂ ಬರೆದುಕೊಡಲಾರದು. ಅದಕ್ಕೆ ಒಳಗಿನ ಒತ್ತಾಸೆ ಬೇಕು. ಆ ಒತ್ತಾಸೆ ಕ್ರಿಸ್ತನಿಂದ ಬಂದಿರಬಹುದು, ಬಸವಣ್ಣನಿಂದ, ಅಂಬೇಡ್ಕರರಿಂದ, ಅಥವಾ ಸುಮ್ಮನೆ ಅವಳ ತಾಯಿಯಿಂದ ಬಂದಿರಬಹುದು.

ಹಾಗಾದರೆ ತಕ್ಕಡಿ ಯಾವ ಕಡೆ ವಾಲುತ್ತದೆ? ನನಗೆ ಕಾಣುವಂತೆ, ಮಾತು ಒಂದೇ ಆದರೂ ಅದು ಯಾರ ಬಾಯಿಂದ ಬರುತ್ತದೆ ಎಂಬುದರ ಮೇಲೆ ತೂಕ ಬದಲಾಗುತ್ತದೆ. ನಾನು ಇದನ್ನು ದೇವರಿಗೆಂದು ಮಾಡುತ್ತೇನೆ ಎಂದು ದುಡಿಯುವವಳು ತಾನಾಗಿ ಹೇಳಿಕೊಂಡರೆ ಅದು ಅವಳ ಬಲ. ಅದನ್ನು ಮೌಢ್ಯವೆಂದು ಕಿತ್ತುಕೊಳ್ಳುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ. ನೀನು ಇದನ್ನು ದೇವರಿಗೆಂದು ಮಾಡು ಎಂದು ಕೂಲಿ ಕೊಡುವವನು ಹೇಳಿದರೆ ಅದು ಮೋಸದ ಬಾಗಿಲು. ಅವನು ಗುಡಿ ಕಟ್ಟಿಸಿದವನಿರಲಿ, ಚರ್ಚು ನಡೆಸುವವನಿರಲಿ, ಸರ್ಕಾರವೇ ಇರಲಿ. ಪೌಲ ಗುಡಾರ ಹೊಲಿದದ್ದಕ್ಕೆ ಬೆಲೆ ಇರುವುದು ಅದನ್ನು ಅವನೇ ಆರಿಸಿಕೊಂಡ ಕಾರಣದಿಂದ. ಬೋಧಕರಿಗೆ ಕೂಲಿ ಕೊಡಬೇಕಿಲ್ಲ ಎಂದು ಅವನು ಎಲ್ಲೂ ಹೇಳಲಿಲ್ಲ, ಬದಲಿಗೆ ಅವರ ಹಕ್ಕನ್ನು ವಾದಿಸಿ ತನ್ನ ಪಾಲಿನದನ್ನು ಮಾತ್ರ ಬಿಟ್ಟುಕೊಟ್ಟ. ಹೆಚ್ಚಿನ ಅಕ್ಕಿಯನ್ನು ತಿರುಗಿ ಕಳಿಸಿದ್ದು ಲಕ್ಕಮ್ಮ, ಕಣಜದ ಒಡೆಯನಲ್ಲ. ಒಡೆಯನೇ ನಿನಗೆ ಇಷ್ಟು ಸಾಕು ಎಂದಿದ್ದರೆ ಆ ಕಥೆಯನ್ನು ಯಾರೂ ನೆನಪಿಡುತ್ತಿರಲಿಲ್ಲ.

ಇದರಿಂದ ಎರಡು ಕಡೆಗೂ ಸ್ವಲ್ಪ ಕೆಲಸ ಹುಟ್ಟುತ್ತದೆ. ದುಡಿಮೆಯ ಪಾವಿತ್ರ್ಯವನ್ನು ಬೋಧಿಸುವ ಅಯ್ಯನವರು, ಸ್ವಾಮಿಗಳು, ಅದೇ ಬಾಯಲ್ಲಿ ಅದೇ ದಿನ ಕೂಲಿಯನ್ನೂ ರಜೆಯನ್ನೂ ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವನ್ನೂ ಬೋಧಿಸಬೇಕು. ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ಜೋಡಿಗೆ ಮೊದಲು ಬೇಕಾದದ್ದು ಮುಕಾದಮನ ಲೆಕ್ಕದ ಪುಸ್ತಕ ಓದಿ ಹೇಳುವವರು. ಬೋಧಿಸುವವರು ತಮ್ಮ ಸಂಸ್ಥೆಯ ಹಾಜರಿ ಪುಸ್ತಕ, ಸಂಬಳದ ಪಟ್ಟಿಯನ್ನು ಆ ಬೋಧೆಗೆ ಒಡ್ಡಿ ನೋಡಬೇಕು. ಹಕ್ಕಿಗಾಗಿ ಹೋರಾಡುವವರು ದುಡಿಯುವವರ ನಂಬಿಕೆಯನ್ನು ಶತ್ರುವೆಂದು ಎಣಿಸಬೇಕಿಲ್ಲ. ಹಿಡಿದಿಟ್ಟ ಕೂಲಿ ದೇವರಿಗೆ ಕೂಗಿ ಹೇಳುತ್ತದೆ ಎಂದು ನಂಬಿದವಳು ಧರಣಿಯಲ್ಲಿ ಬೇಗ ಎದ್ದುಹೋಗುವುದಿಲ್ಲ. ಇಷ್ಟಾದ ಮೇಲೂ, ಕೂಲಿ ಸರಿಯಾಗಿ, ವಾರಕ್ಕೊಂದು ದಿನ ಕೈಗೆ ಸಿಕ್ಕ ಮೇಲೂ, ನಾನೇಕೆ ದುಡಿಯುತ್ತೇನೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅದಕ್ಕೆ ಧರ್ಮ ಆಗ ಮಾತಾಡಲಿ, ಧಾರಾಳವಾಗಿ ಮಾತಾಡಲಿ. ಕೇಳಿ ಒಪ್ಪುವುದೋ ಬಿಡುವುದೋ ದುಡಿಯುವವಳಿಗೆ ಬಿಟ್ಟದ್ದು.